ಚೀಲಕ್ಕೆ ಎರಡು ಕಿಲೋ ಕಳೆದು ಬರೆ ಎಂದರೆ ಕ್ರೈಸ್ತನಾದ ರೈಟರ್ ಏನು ಮಾಡಬೇಕು?

ತೋಟದ ರೈಟರ್, ಸಿದ್ದಾಪುರದ ಕಡೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು, ಆಗಿದ್ದೇನೆ. ತೋಟದ ಹೆಸರು ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ. ಬೆಳಿಗ್ಗೆ ಹಾಜರಿ, ಗೊಬ್ಬರದ ದಾಸ್ತಾನು, ಕೂಲಿಯವರ ಲೈನ್ ಮನೆಗಳ ರಿಪೇರಿ, ವಾರದ ಬಟವಾಡೆ ಎಲ್ಲವೂ ನನ್ನ ಪುಸ್ತಕದಲ್ಲೇ ಇರುತ್ತವೆ. ಕೊಯ್ಲಿನ ಕಾಲದಲ್ಲಿ ಸಂಜೆಯ ತೂಕವೂ ನನ್ನದೇ.

ಈಗ ರೊಬಸ್ಟಾ ಕಾಫಿಯ ಕೊಯ್ಲು ನಡೆಯುತ್ತಿದೆ. ಕೂಲಿ ದಿನದ ಲೆಕ್ಕವಲ್ಲ, ಕಿಲೋ ಲೆಕ್ಕ. ಕೊಯ್ಯುವವರಲ್ಲಿ ಹೆಚ್ಚಿನವರು ಅಸ್ಸಾಮಿನವರು, ಉಳಿದವರು ಹಾಡಿಯಿಂದ ಬರುವ ಯರವ ಬುಡಕಟ್ಟಿನವರು. ಸಂಜೆ ಚೀಲಗಳನ್ನು ಕಣದ ಬದಿಯಲ್ಲಿ ಸಾಲಾಗಿ ಇಡುತ್ತಾರೆ. ಮೇಸ್ತ್ರಿ ಎಲೆ, ಕಡ್ಡಿ, ಹಸಿರು ಕಾಯಿ ಇದೆಯೇ ಎಂದು ಚೀಲದೊಳಗೆ ಕೈ ಹಾಕಿ ನೋಡುತ್ತಾನೆ. ಸರಿಯಿಲ್ಲದಿದ್ದರೆ ಅಲ್ಲೇ ಸುರಿದು ಆರಿಸಬೇಕು. ಆಮೇಲೆ ಚೀಲ ನನ್ನ ತಕ್ಕಡಿಗೆ ಬರುತ್ತದೆ.

ಈ ವರ್ಷ ಹೊಸ ಮ್ಯಾನೇಜರ್ ಬಂದಿದ್ದಾರೆ. ಸೋಮವಾರದಿಂದ ಪ್ರತಿ ಚೀಲಕ್ಕೂ 2 ಕಿಲೋ ಕಳೆದು ಬರೆಯಬೇಕು ಎಂದು ಹೇಳಿದ್ದಾರೆ. ಕಾರಣ ಕೇಳಿದರೆ ಚೀಲದ ತೂಕ, ಕಸ, ನೀರಿನ ಅಂಶ ಎಂದರು. ನಾನು 10 ಖಾಲಿ ಚೀಲಗಳನ್ನು ಒಟ್ಟಿಗೆ ತಕ್ಕಡಿಯ ಮೇಲಿಟ್ಟು ನೋಡಿದೆ. ನಮ್ಮದು ಪ್ಲಾಸ್ಟಿಕ್ ಚೀಲ. ಹತ್ತೂ ಸೇರಿ 2 ಕಿಲೋ ಮುಟ್ಟಲಿಲ್ಲ. ಕಸವನ್ನು ಮೇಸ್ತ್ರಿ ಮೊದಲೇ ತೆಗೆಸಿರುತ್ತಾನೆ. ಹೀಗಿರುವಾಗ ದಿನಕ್ಕೆ 60 ಚೀಲ ಬಂದರೆ ನೂರಕ್ಕೂ ಹೆಚ್ಚು ಕಿಲೋ ಹಣ್ಣನ್ನು ಕೂಲಿಯಿಲ್ಲದೆ ಕೊಯ್ಯಿಸಿದಂತೆ ಆಗುತ್ತದೆ.

ಇದುವರೆಗೆ ತಕ್ಕಡಿ ತೋರಿಸಿದ್ದನ್ನೇ ಬರೆದಿದ್ದೇನೆ. ಆಗುವುದಿಲ್ಲ ಎಂದರೆ ಬೇರೆ ರೈಟರ್ ಸಿಗುತ್ತಾರೆ ಎಂದು ಮ್ಯಾನೇಜರ್ ಮೆಲ್ಲಗೇ ಹೇಳಿದರು. ನಾವಿರುವುದು ತೋಟದ ಮನೆಯಲ್ಲಿ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಮಗಳು ಎಸ್ಸೆಸ್ಸೆಲ್ಸಿ, ಪರೀಕ್ಷೆ ಹತ್ತಿರ ಬಂದಿದೆ.

ಭಾನುವಾರದ ಪೂಜೆಯಲ್ಲಿ ನಾನು ವಾಚನ ಓದುತ್ತೇನೆ. ನಿಮ್ಮ ಮಾತು ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎಂದಿರಲಿ ಎಂದು ಯೇಸುಸ್ವಾಮಿ ಹೇಳಿದ್ದು ಬಾಯಿಯ ಮಾತಿಗೆ ಮಾತ್ರವಲ್ಲ, ಪುಸ್ತಕದಲ್ಲಿ ಬರೆಯುವ ಅಂಕಿಗೂ ಸಲ್ಲುತ್ತದೆ ಎಂದು ನಂಬಿದವನು. ಕಳೆದ ದುಡ್ಡು ನನ್ನ ಜೇಬಿಗೆ ಬರುವುದಿಲ್ಲ, ನಿಜ. ಆದರೆ ಬರೆಯುವ ಕೈ ನನ್ನದು, ಆ ಸಾಲಿನ ಮುಂದೆ ಹೆಬ್ಬೆಟ್ಟು ಒತ್ತುವವಳಿಗೆ ಓದಲು ಬರುವುದಿಲ್ಲ. ಅವಳು ನಂಬುವುದು ಮ್ಯಾನೇಜರನ್ನಲ್ಲ, ನನ್ನನ್ನು.

ಮೇಲಿನವರು ಹೇಳಿದ್ದನ್ನು ಮಾಡಿದರೆ ಪಾಪ ಯಾರದು? ಕೆಲಸ ಬಿಡಬೇಕೇ, ಅಲ್ಲಿದ್ದುಕೊಂಡೇ ಏನಾದರೂ ಮಾಡಬಹುದೇ? ಪ್ರಾರ್ಥನೆ ಮಾಡಿ ಎಂದಷ್ಟೇ ಬರೆಯಬೇಡಿ. ಅದನ್ನು ಮಾಡುತ್ತಿದ್ದೇನೆ.

ಕುಶಾಲನಗರದ ಸಹೋದರ

ಅಣ್ಣಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ನಾನೂ ಖಾಸಗಿ ಕಂಪನಿಯ ಲೆಕ್ಕದ ವಿಭಾಗದಲ್ಲಿದ್ದೇನೆ. ನನಗೆ ತೋಚಿದ್ದನ್ನು ಹೇಳುತ್ತೇನೆ, ಕಠಿಣವೆನಿಸಿದರೆ ಕ್ಷಮಿಸಿ.

ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂದು ಪೌಲನು ಎಫೆಸದವರಿಗೆ ಬರೆದ ಪತ್ರದ 6ನೆಯ ಅಧ್ಯಾಯದಲ್ಲಿದೆ. ಕೂಲಿಯ ದರ, ಕಡಿತ ಇವನ್ನು ತೀರ್ಮಾನಿಸುವವರು ನೀವಲ್ಲ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯಿಲ್ಲದವನಿಗಿಂತ ಕೀಳು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೂ ಇದೆ. ಹತ್ತನೆಯ ತರಗತಿಯ ಮಗುವನ್ನು ಪರೀಕ್ಷೆಯ ಹೊತ್ತಿನಲ್ಲಿ ಮನೆಯಿಂದ ಎಬ್ಬಿಸುವುದೂ ಸಣ್ಣ ಮಾತಲ್ಲ. ಪರೀಕ್ಷೆ ಮುಗಿಯುವವರೆಗೆ ತಾಳಿ. ಅಷ್ಟರಲ್ಲಿ ಬೇರೆ ಕೆಲಸ ಹುಡುಕೋಣ, ನಾನೂ ವಿಚಾರಿಸುತ್ತೇನೆ. ಆಮೇಲೆ ತಲೆಯೆತ್ತಿ ಹೊರಗೆ ಬನ್ನಿ.

ನಿವೃತ್ತ ಉಪದೇಶಿ, ವಿರಾಜಪೇಟೆ

ರೈಟರೇ, ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಕುಶಾಲನಗರದ ತಮ್ಮನ ಮಾತಿನಲ್ಲಿ ಪ್ರೀತಿಯಿದೆ. ಆದರೆ ಅವರು ಎತ್ತಿಕೊಂಡ ಅಧ್ಯಾಯ 5ನೆಯ ವಚನಕ್ಕೆ ನಿಲ್ಲುವುದಿಲ್ಲ. 9ನೆಯದರಲ್ಲಿ ಒಡೆಯರಿಗೂ ಸ್ವರ್ಗದಲ್ಲಿ ಒಬ್ಬ ಒಡೆಯನಿದ್ದಾನೆ, ಅವನು ಮುಖ ನೋಡಿ ಮಣೆ ಹಾಕುವುದಿಲ್ಲ ಎಂದಿದೆ. ಮ್ಯಾನೇಜರ್ ಹೇಳಿದ ಕೆಲಸವನ್ನು ಮನಸ್ಸಿಟ್ಟು ಮಾಡುವುದು ವಿಧೇಯತೆ. ಅವರು ಹೇಳಿದ ಸುಳ್ಳನ್ನು ಬರೆಯುವುದು ಆ ಸಾಲಿಗೆ ಸೇರುವುದಿಲ್ಲ. ಮನೆಯವರನ್ನು ಸಾಕಬೇಕು, ಹೌದು, ಆದರೆ ಲೈನ್ ಮನೆಯ ಒಲೆಯಿಂದ ಕದ್ದು ಸಾಕಿರಿ ಎಂದು ಪೌಲನು ತಿಮೊಥೆಯನಿಗೆ ಬರೆಯಲಿಲ್ಲ.

ಪಾಪ ಯಾರದು ಎಂದಿರಿ. ಇದಕ್ಕೆ ಧರ್ಮಸಭೆಯ ಉತ್ತರ ಸ್ಪಷ್ಟ. ಮತ್ತೊಬ್ಬನ ಪಾಪದಲ್ಲಿ ನೇರವಾಗಿ, ಬೇಕೆಂದೇ ಪಾಲ್ಗೊಂಡವನು ಹೊಣೆಗಾರ. ಅದನ್ನು ಆಜ್ಞಾಪಿಸಿದವನೂ ಹೊಣೆಗಾರ. ತಡೆಯುವ ಕರ್ತವ್ಯವಿದ್ದೂ ತಡೆಯದವನೂ ಹೊಣೆಗಾರ. ಒಬ್ಬನ ಪಾಲು ಇದ್ದ ಮಾತ್ರಕ್ಕೆ ಇನ್ನೊಬ್ಬನದು ಅಳಿಯುವುದಿಲ್ಲ. ಕಥೋಲಿಕ ಧರ್ಮೋಪದೇಶವು ಅನ್ಯಾಯದ ಕೂಲಿಯನ್ನು ಏಳನೆಯ ಕಟ್ಟಳೆಯ ಕೆಳಗೆ, ಕಳ್ಳತನದ ಜೊತೆಯಲ್ಲೇ ಇಟ್ಟಿದೆ. 13ನೆಯ ಲಿಯೋ ಜಗದ್ಗುರುಗಳು 1891ರ ‘ರೇರುಂ ನೊವಾರುಂ’ ಪತ್ರದಲ್ಲಿ, ಸಲ್ಲಬೇಕಾದ ಕೂಲಿಯನ್ನು ವಂಚಿಸುವುದು ಸ್ವರ್ಗಕ್ಕೆ ಮೊರೆಯಿಡುವ ಮಹಾಪರಾಧ ಎಂದರು. ಅವರು ಆ ಮಾತಿಗೆ ಆಧಾರವಾಗಿ ತೆಗೆದುಕೊಂಡದ್ದು ಯಕೋಬನ ಪತ್ರದ 5:4. ಅಲ್ಲಿ ಕೂಗುವುದು ಯಾರ ಕೂಲಿ? ಹೊಲದಲ್ಲಿ ಕೊಯ್ಲು ಮಾಡಿದವರ ಕೂಲಿ. ನಿಮ್ಮ ಕಣದಲ್ಲಿ ನಿಂತು ಓದಿಕೊಳ್ಳಬೇಕಾದ ವಚನ ಅದು.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದುದು ಯಾಜಕಕಾಂಡದ 19ನೆಯ ಅಧ್ಯಾಯ. 33, 34ನೆಯ ವಚನಗಳಲ್ಲಿ ನಿಮ್ಮ ನಾಡಿಗೆ ಬಂದಿರುವ ಪರದೇಶಿಗೆ ಅನ್ಯಾಯ ಮಾಡಬೇಡಿ, ನೀವೂ ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದಿರಿ ಎಂದಿದೆ. ಅದರ ಬೆನ್ನಿಗೇ, ನಡುವೆ ಬೇರೇನೂ ಇಲ್ಲದೆ, 35, 36ರಲ್ಲಿ ಅಳತೆ ತೂಕಗಳಲ್ಲಿ ಮೋಸ ಬೇಡ, ತಕ್ಕಡಿ ನ್ಯಾಯವಾಗಿರಲಿ ಎಂದಿದೆ. ಮೊದಲು ಪರದೇಶಿ, ಒಡನೆಯೇ ತಕ್ಕಡಿ. ಊರವನಿಗೆ ತೂಕದಲ್ಲಿ ಮೋಸ ಮಾಡಿದರೆ ಅವನು ಪಂಚಾಯಿತಿ ಕೂರಿಸುತ್ತಾನೆ, ನೆಂಟರನ್ನು ಕರೆತರುತ್ತಾನೆ. ಅಸ್ಸಾಮಿನಿಂದ ರೈಲು ಹತ್ತಿ ಬಂದವನು ಯಾರನ್ನು ಕರೆತರುತ್ತಾನೆ? ಹಾಡಿಯವರಿಗೆ ಈ ನೆಲವೇ ತಾಯಿನೆಲ, ಆದರೂ ಅವರ ಮಾತು ಕೇಳಿಸಿಕೊಳ್ಳುವವರು ಕಡಿಮೆ.

ನಾವು ಕೊಡಗಿನ ಕ್ರೈಸ್ತರು ಇದನ್ನು ಮರೆಯುವಂತೆಯೇ ಇಲ್ಲ. ನಮ್ಮೂರಿನ ಸಂತ ಅನ್ನಮ್ಮನವರ ದೇವಾಲಯದ ಇತಿಹಾಸ ಆರಂಭವಾಗುವುದು 1792ರಲ್ಲಿ. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ದೊಡ್ಡವೀರರಾಜೇಂದ್ರ ಅರಸರು ಇಲ್ಲಿ ಜಾಗ ಕೊಟ್ಟರು. ಅರಸರು ನಮ್ಮ ಧರ್ಮದವರಲ್ಲ, ನಮ್ಮ ಭಾಷೆಯವರೂ ಅಲ್ಲ. ಹೀಗೆ ಆಶ್ರಯ ಪಡೆದ ಸಮುದಾಯದ ಮಗ ನಿಂತಿರುವ ತಕ್ಕಡಿಯ ಮುಂದೆ ದೂರದಿಂದ ಬಂದ ಕೂಲಿಯವಳ ಚೀಲ ಇದೆ. ಅವಳು ಕ್ರೈಸ್ತಳೋ, ಮುಸಲ್ಮಾನಳೋ, ಹಿಂದುವೋ ಎಂದು ನೀವು ಬರೆದಿಲ್ಲ. ಬರೆಯದೆ ಇದ್ದದ್ದು ನನಗೆ ಇಷ್ಟವಾಯಿತು.

ಇನ್ನು ಕೆಲಸ ಬಿಡುವ ಮಾತು. ಲೂಕನ ಶುಭಸಂದೇಶದ 3ನೆಯ ಅಧ್ಯಾಯದಲ್ಲಿ ಸುಂಕದವರು ಸ್ನಾನಿಕ ಯೊವಾನ್ನರ ಹತ್ತಿರ ಬಂದು ನಿಮ್ಮ ಹಾಗೆಯೇ ಕೇಳುತ್ತಾರೆ: ನಾವೇನು ಮಾಡಬೇಕು? ಸುಂಕ ವಸೂಲಿಗಿಂತ ಕೊಳಕಾದ ನೌಕರಿ ಆ ಕಾಲದಲ್ಲಿ ಇರಲಿಲ್ಲ. ಆದರೂ ಯೊವಾನ್ನರು ನೌಕರಿ ಬಿಟ್ಟು ಮರುಭೂಮಿಗೆ ಬನ್ನಿ ಎನ್ನಲಿಲ್ಲ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲು ಮಾಡಬೇಡಿ ಎಂದರು, ಅಷ್ಟೇ. ನೀವಾಗಿ ತಕ್ಕಡಿ ಬಿಟ್ಟು ಹೋದರೆ ಮರುದಿನ ಅಲ್ಲಿ ನಿಲ್ಲುವವನು 2 ಕಿಲೋ ಕಳೆಯುತ್ತಾನೆ. ಆದ್ದರಿಂದ ನೀವು ಬಿಡಬೇಡಿ. ಸರಿಯಾದ ತೂಕ ಬರೆಯಿರಿ. ಬಿಡಿಸುವುದಿದ್ದರೆ ಅವರು ಬಿಡಿಸಲಿ.

ಮಗಳಿಗೂ ವಿಷಯ ತಿಳಿಸಿ. ಹದಿನಾರರ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಗಟ್ಟಿ.

ಬೆಳೆಗಾರ್ತಿ, ಪೊಲಿಬೆಟ್ಟದ ಹತ್ತಿರ

ನಾನು ಕೊಡವತಿ, ಕ್ರೈಸ್ತಳಲ್ಲ. ವಚನಗಳ ವಿಚಾರ ಹಿರಿಯರು ಹೇಳಿದ್ದಾರೆ. ತೋಟ ನಡೆಸುವವಳಾಗಿ ಕೆಲವು ಮಾತು ಹೇಳುತ್ತೇನೆ, ಮ್ಯಾನೇಜರ್ ಎದುರು ನಿಮಗೆ ಬೇಕಾಗುತ್ತವೆ.

ಮೊದಲನೆಯದಾಗಿ, ಈ ಕಡಿತ ನಿಮ್ಮ ಸಾಹುಕಾರರಿಗೆ ಗೊತ್ತಿದೆಯೇ? ಇದನ್ನು ನೀವು ಬರೆದೇ ಇಲ್ಲ. ಕಣದಲ್ಲಿ ಒಂದು ತೂಕ ಬರೆದು, ಸಾಹುಕಾರರಿಗೆ ಇನ್ನೊಂದು ತೂಕದ ಲೆಕ್ಕ ಕೊಟ್ಟು ಕೂಲಿಯ ಹಣ ತರಿಸಿದರೆ ನಡುವಿನ ದುಡ್ಡು ಎಲ್ಲಿಗೆ ಹೋಗುತ್ತದೆ? ನಿಮ್ಮ ಮ್ಯಾನೇಜರ್ ಹಾಗೆ ಮಾಡುತ್ತಿದ್ದಾರೆ ಎನ್ನುವುದಿಲ್ಲ. ಆದರೆ ನಾಳೆ ತನಿಖೆಯಾದರೆ ಪುಸ್ತಕದಲ್ಲಿರುವುದು ನಿಮ್ಮ ಅಕ್ಷರ. ಸಾಹುಕಾರರನ್ನೇ ನೇರವಾಗಿ ಕೇಳುವುದು ನಿಮ್ಮ ಹಕ್ಕು ಮಾತ್ರವಲ್ಲ, ನಿಮ್ಮ ರಕ್ಷಣೆ ಕೂಡ.

ನೀರಿನ ಅಂಶ ಎಂದರಂತೆ. ಅದು ಹಣ್ಣಿಗೆ ಹೇಳುವ ಮಾತೇ ಅಲ್ಲ. ತೇವಾಂಶ ನೋಡುವುದು ಒಣಗಿದ ಕಾಫಿಗೆ, ರೊಬಸ್ಟಾ ಚೆರ್ರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ, ಶೇಕಡಾ 11. ಕೊಯ್ಲಿನವರಿಗೆ ಕೂಲಿ ಕೊಡುವುದು ಗಿಡದಿಂದ ಬಿಡಿಸಿದ ಹಸಿ ಹಣ್ಣಿನ ತೂಕಕ್ಕೆ. ಅದರಲ್ಲಿ ನೀರು ಇರುತ್ತದೆಂದು ತಿಳಿದೇ ಕಿಲೋ ದರ ಗೊತ್ತು ಮಾಡಿರುತ್ತೇವೆ. ವ್ಯಾಪಾರಿ ನಮ್ಮ ಚೆರ್ರಿಯ ಔಟ್‌ಟರ್ನ್ (ಅದರಿಂದ ಸಿಗುವ ಬೀಜದ ಪ್ರಮಾಣ) ಕಡಿಮೆ ಬಂತು, ತೇವ ಜಾಸ್ತಿ ಇದೆ ಎಂದು ನಮ್ಮ ಕಣ್ಣಿಗೆ ಕಾಣದಂತೆ ಕಳೆದಾಗ ನಾವು ಬೆಳೆಗಾರರು ಎಷ್ಟು ಕುದಿಯುತ್ತೇವೆ! ಆ ಬೇಗೆ ತಿಂದವರು ಅದನ್ನೇ ಕೂಲಿಯವರಿಗೆ ಬಡಿಸುವುದು ನನಗೆ ಸಹಿಸಲಾಗದ ಸಂಗತಿ.

ಚೀಲದ ತೂಕ ಕಳೆಯುವುದು ನ್ಯಾಯವೇ. ಖಾಲಿ ಚೀಲ ಇಟ್ಟು ಟೇರ್ ಗುಂಡಿ ಒತ್ತಿದರೆ ಎಲೆಕ್ಟ್ರಾನಿಕ್ ತಕ್ಕಡಿ ಸೊನ್ನೆಗೆ ಬರುತ್ತದೆ, ವಾದವೇ ಉಳಿಯುವುದಿಲ್ಲ. ನಮ್ಮಲ್ಲಿ ತಕ್ಕಡಿಯ ಮುಖ ಕೊಯ್ಲಿನವರ ಕಡೆಗಿದೆ. ಅಂಕಿಯನ್ನು ಗಟ್ಟಿಯಾಗಿ ಹೇಳಿ ಚೀಟಿ ಬರೆದು ಕೊಡುತ್ತೇವೆ. ಓದಲು ಬಾರದವರೂ ಚೀಟಿಯನ್ನು ಲೈನ್ ಮನೆಯಲ್ಲಿ ಯಾರಿಂದಲಾದರೂ ಓದಿಸಿಕೊಳ್ಳುತ್ತಾರೆ. ಅಂದಹಾಗೆ, ಕಾನೂನು ಮಾಪನಶಾಸ್ತ್ರದ 2009ರ ಕಾಯ್ದೆಯ ಪ್ರಕಾರ ಇಂತಹ ತಕ್ಕಡಿಗೆ ಪರಿಶೀಲನೆಯ ಮುದ್ರೆ ಇರಬೇಕು, ಎಲೆಕ್ಟ್ರಾನಿಕ್ ಆದರೆ ವರ್ಷಕ್ಕೊಮ್ಮೆ. ಕಾನೂನು ಒಪ್ಪಿದ ಕಡಿತ ಬಿಟ್ಟು ಬೇರೇನನ್ನೂ ಕೂಲಿಯಲ್ಲಿ ಹಿಡಿಯಬಾರದು ಎಂಬುದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಇರುವ ನಿಯಮ.

ಇನ್ನೊಂದು. ತೂಕದಲ್ಲಿ ಕಳೆದರೆ ಕೊಯ್ಲಿನವರಿಗೆ ತಿಳಿಯದು ಎಂದು ಯಾರೂ ಭಾವಿಸಬಾರದು. ದಿನವಿಡೀ ಚೀಲ ಹೊತ್ತ ಬೆನ್ನಿಗೆ ತೂಕ ಗೊತ್ತಿರುತ್ತದೆ. ಬಾಯಿ ಬಿಡುವುದಿಲ್ಲ, ಗಿಡದ ರೆಂಬೆಗಳನ್ನು ಮುರಿಯುತ್ತಾರೆ, ಕಾಯಿ ಹಣ್ಣು ನೋಡದೆ ಕೀಳುತ್ತಾರೆ, ಮುಂದಿನ ವರ್ಷ ಇಡೀ ಗುಂಪು ಪಕ್ಕದ ತೋಟಕ್ಕೆ ಹೋಗುತ್ತದೆ. ಆಳು ಸಿಗದೆ ಹಣ್ಣು ಗಿಡದಲ್ಲೇ ಒಣಗಿ ಉದುರುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಧರ್ಮದ ಮಾತಿಗೆ ಕಿವಿಗೊಡದ ಮ್ಯಾನೇಜರ್ ಈ ಮಾತಿಗೆ ಕಿವಿಗೊಡಬಹುದು.

ತೋಟದ ರೈಟರ್, ಸಿದ್ದಾಪುರದ ಕಡೆ

ಎಲ್ಲರಿಗೂ ಕೃತಜ್ಞತೆಗಳು. ಉಪದೇಶಿಗಳೇ, ಯಾಜಕಕಾಂಡದ ಆ ಅಧ್ಯಾಯವನ್ನು ರಾತ್ರಿ ಮನೆಯಲ್ಲಿ ಎಲ್ಲರೂ ಕುಳಿತು ಓದಿದೆವು. 13ನೆಯ ವಚನವೂ ಕಣ್ಣಿಗೆ ಬಿತ್ತು: ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು. ಒಂದು ರಾತ್ರಿ ಇಟ್ಟುಕೊಳ್ಳುವುದನ್ನೇ ಬೇಡವೆಂದ ದೇವರ ಮುಂದೆ, ಪರೀಕ್ಷೆ ಮುಗಿಯುವ ತನಕ ಕಳೆದು ಬರೆಯುತ್ತೇನೆ ಎನ್ನಲು ನನ್ನಿಂದ ಆಗುವುದಿಲ್ಲ. ಕುಶಾಲನಗರದ ತಮ್ಮಾ, ನೀವು ನನ್ನ ಮನೆಯ ಬಗ್ಗೆ ಯೋಚಿಸಿದ್ದಕ್ಕೆ ಋಣಿ, ಬೇಸರವಿಲ್ಲ.

ಹೆಂಡತಿ ನನಗಿಂತ ಮೊದಲೇ ತೀರ್ಮಾನಿಸಿದ್ದಳು. ನೆಲ್ಲಿಹುದಿಕೇರಿಯಲ್ಲಿ ಅವಳ ಅಕ್ಕನ ಮನೆಯಿದೆ. ಕೆಲಸ ಹೋದರೆ ಪರೀಕ್ಷೆ ಮುಗಿಯುವವರೆಗೆ ಅಲ್ಲಿರುತ್ತೇವೆ, ಮಗಳು ಅಲ್ಲಿಂದಲೇ ಬಸ್ಸಿನಲ್ಲಿ ಶಾಲೆಗೆ ಹೋಗಬಹುದು.

ಭಾನುವಾರ ಪೂಜೆ ಮುಗಿಸಿ ಮ್ಯಾನೇಜರ್ ಮನೆಗೆ ನಾನೇ ಹೋಗುತ್ತೇನೆ. ಕಣದಲ್ಲಿ ಎಲ್ಲರೆದುರು ಹೇಳಿದರೆ ಅವರಿಗೆ ಅವಮಾನ, ನನಗೆ ಅದು ಬೇಡ. ಖಾಲಿ ಚೀಲಗಳ ತೂಕ ತಿಳಿಸುತ್ತೇನೆ, ಟೇರ್ ಹಾಕಿ ತೂಗುತ್ತೇನೆ, ಅದಕ್ಕಿಂತ ಹೆಚ್ಚು ಕಳೆದು ಬರೆಯಲು ನನ್ನಿಂದಾಗದು ಎನ್ನುತ್ತೇನೆ. ನಾನು ಕ್ರೈಸ್ತ, ಇದು ನನ್ನಿಂದ ಆಗದ ಕೆಲಸ ಎಂದೂ ಬಾಯಿಬಿಟ್ಟು ಹೇಳುತ್ತೇನೆ. ಒಪ್ಪದಿದ್ದರೆ ಆದೇಶವನ್ನು ಬರೆದು ಕೊಡಿ ಎಂದು ಕೇಳಿ, ಅದನ್ನು ಸಾಹುಕಾರರಿಗೆ ಮುಟ್ಟಿಸುತ್ತೇನೆ. ಸಾಹುಕಾರರು ಬೆಂಗಳೂರಿನಲ್ಲಿರುತ್ತಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಅವರಿಗೆ ಇದು ಗೊತ್ತಿಲ್ಲ ಎಂದೇ ನನ್ನ ಅಂದಾಜು.

ಅಕ್ಕಾ, ನಿಮ್ಮ ತೋಟದ ಚೀಟಿಯಲ್ಲಿ ಏನೇನು ಬರೆಯುತ್ತೀರಿ ಎಂದು ತಿಳಿಸಿದರೆ ಸೋಮವಾರಕ್ಕೆ ಪುಸ್ತಕ ಮಾಡಿಸುತ್ತೇನೆ.

ಬೆಳೆಗಾರ್ತಿ, ಪೊಲಿಬೆಟ್ಟದ ಹತ್ತಿರ

ದಿನಾಂಕ, ಹೆಸರು, ಚೀಲದ ಸಂಖ್ಯೆ, ಚೀಲ ಸೇರಿದ ತೂಕ, ಖಾಲಿ ಚೀಲದ ತೂಕ, ನಿವ್ವಳ ತೂಕ, ನಿಮ್ಮ ಸಹಿ. ಕಾರ್ಬನ್ ಹಾಳೆ ಇಟ್ಟು ಬರೆಯಿರಿ, ಒಂದು ಪ್ರತಿ ಅವರಿಗೆ, ಒಂದು ನಿಮ್ಮಲ್ಲಿ. ಎರಡೂ ತೂಕದ ಅಂಕಣಗಳನ್ನು ಬಿಡಲೇಬೇಡಿ. ಅವು ಇದ್ದರೆ ಮಧ್ಯೆ ಯಾರೂ ಕೈಯಾಡಿಸಲು ಆಗುವುದಿಲ್ಲ.

ಕುಶಾಲನಗರದ ಸಹೋದರ

ಅಣ್ಣಾ, ಈಗಲೂ ನನಗೆ ಮಗುವಿನ ಪರೀಕ್ಷೆಯದೇ ಚಿಂತೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀವು ಹೊರಟ ದಾರಿಗೆ ಅಡ್ಡ ನಿಲ್ಲುವುದೂ ಇಲ್ಲ. ಸಾಹುಕಾರರಿಗೆ ಕೊಡುವ ಪತ್ರವನ್ನು ನಾನು ಟೈಪ್ ಮಾಡಿಕೊಡುತ್ತೇನೆ. ಇಂತಹ ಪತ್ರದಲ್ಲಿ ಯಾರ ಮೇಲೂ ಆರೋಪ ಬರಬಾರದು, ಅಂಕಿಗಳು ಮಾತ್ರ ಇರಬೇಕು. ಅದು ನನಗೆ ಅಭ್ಯಾಸವಿರುವ ಕೆಲಸ. ಖಾಲಿ ಚೀಲಗಳ ತೂಕವನ್ನು ಮೇಸ್ತ್ರಿಯ ಎದುರು ಇನ್ನೊಮ್ಮೆ ನೋಡಿ, ದಿನಾಂಕ ಹಾಕಿ ಬರೆದಿಡಿ. ಶನಿವಾರ ಸಂಜೆಯೊಳಗೆ ವಿವರ ಕಳುಹಿಸಿದರೆ ರಾತ್ರಿಯೇ ಸಿದ್ಧ ಮಾಡುತ್ತೇನೆ.