ಅಪ್‌ಡೇಟ್: ಮಾಂಸದೊಳಗೆ ಇಳಿದಿದ್ದ ಹೆಬ್ಬೆರಳಿನ ಉಗುರು
ಬಲಗಾಲಿನ ಹೆಬ್ಬೆರಳಿನ ಉಗುರಿನ ಅಂಚು ಮಾಂಸದೊಳಗೆ ಇಳಿದು ಕೀವಾಗಿದೆ, ಇಡೀ ಉಗುರನ್ನೇ ಕೀಳಿಸಬೇಕೇ ಎಂದು ಎರಡು ತಿಂಗಳ ಹಿಂದೆ ಇಲ್ಲಿ ಕೇಳಿದ್ದೆ. ಬೆಚ್ಚಗಿನ ನೀರಿನಲ್ಲಿ ಕಾಲಿಟ್ಟು ಉಗುರಿನಡಿ ಹತ್ತಿಯ ಎಳೆ ತೂರಿಸುವ ನಿಮ್ಮ ಸಲಹೆಯನ್ನು ಎರಡು ವಾರ ಪಾಲಿಸಿದರೂ, ಮುಟ್ಟಿದರೆ ರಕ್ತ ಜಿನುಗುವ ಕೆಂಪು ದುರ್ಮಾಂಸ ಬೆಳೆದದ್ದರಿಂದ ಶಸ್ತ್ರಚಿಕಿತ್ಸಕರನ್ನು ಕಂಡೆ. ಅವರು ಬೆರಳಿನ ಬುಡಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು (ನಿಜವಾಗಿ ನೋವಾದದ್ದು ಅದೊಂದೇ), ಉಗುರಿನ ಒಂದು ಪಕ್ಕವನ್ನಷ್ಟೇ ಉದ್ದಕ್ಕೆ ಸೀಳಿ ತೆಗೆದು, ಆ ಭಾಗ ಮತ್ತೆ ಬೆಳೆಯದಂತೆ ಬೇರಿಗೆ ಫೀನಾಲ್ ಎಂಬ ರಾಸಾಯನಿಕ ಹಚ್ಚಿದರು. ಹೊರಬಂದ ಚೂರಿನ ತುದಿಯಲ್ಲಿ ಮುಳ್ಳಿನಂಥ ಕೊಕ್ಕೆಯಿತ್ತು. ನೇಲ್ ಕಟರ್‌ನಿಂದ ಮೂಲೆಯನ್ನು ದುಂಡಗೆ ಕತ್ತರಿಸುವಾಗ ನಾನೇ ಉಳಿಸಿದ್ದ ಅದನ್ನು ಬಿಗಿಯಾದ ಶೂ ಮಾಂಸದೊಳಕ್ಕೆ ಒತ್ತಿತ್ತು. ಮೂರು ವಾರ ರಸ ಜಿನುಗಿ ಗಾಯ ಈಗ ಒಣಗಿದೆ. ಕಚೇರಿಗೆ ಸದ್ಯಕ್ಕೆ ಚಪ್ಪಲಿಯಲ್ಲೇ ಹೋಗುತ್ತಿದ್ದೇನೆ.