ಪದಚರ್ಚೆ: ‘ಎಸೆ’, ‘ಒಗೆ’, ‘ಹೊಡೆ’ – ಒಂದೇ ಗುಂಡಿಯ ಮೇಲೆ ಯಾವ ಕ್ರಿಯಾಪದ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಕ್ರಿಯಾಪದದ ವಿಷಯದಲ್ಲಿ ತಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ನಾನು ಧಾರವಾಡದಲ್ಲಿದ್ದು, ಪ್ರೌಢಶಾಲೆಯ ಮಕ್ಕಳಿಗಾಗಿ ವಿಜ್ಞಾನದ ಸಾಮಗ್ರಿಯನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸದಲ್ಲಿ ಬಿಡುವಾದಾಗ ಕೈಗೂಡಿಸುತ್ತೇನೆ. ಅಮೆರಿಕದ ರಾಂಡಲ್ ಮನ್ರೋ ಅವರ ‘ಎಕ್ಸ್‌ಕೆಸಿಡಿ’ ಎಂಬ ಜಾಲಚಿತ್ರಮಾಲೆಯನ್ನು (ವೆಬ್ ಕಾಮಿಕ್) ನಿಮ್ಮಲ್ಲಿ ಹಲವರು ಬಲ್ಲಿರಿ. ಅದರ 2019ರ ಒಂದು ಕಂತು ಓದಿ ನಕ್ಕು ಮುಗಿಸುವಂಥದ್ದಲ್ಲ. ಎಸೆಯುವವರು ಯಾರು, ಎಸೆಯುವ ವಸ್ತು ಯಾವುದು ಎಂಬೆರಡನ್ನೂ ಓದುಗರೇ ಆರಿಸಿಕೊಂಡರೆ, ಆ ವಸ್ತು ಎಷ್ಟು ದೂರ ಹೋಗಿ ಬಿದ್ದೀತೆಂಬುದನ್ನು ಅದು ಲೆಕ್ಕ ಹಾಕಿ ಹೇಳುತ್ತದೆ. ಎಸೆಯುವವರಲ್ಲಿ ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅವರೂ ಇದ್ದಾರೆ, ಪೋಕೆಮಾನ್ ಕಾರ್ಟೂನಿನ ಪಿಕಾಚು ಎಂಬ ಪ್ರಾಣಿ ಕೂಡ ಇದೆ. ವಸ್ತುಗಳಲ್ಲಿ ಮೈಕ್ರೋವೇವ್ ಒಲೆಯಂಥವೂ ಇವೆ. ಅದೇ ಮಾದರಿಯಲ್ಲಿ ನಮ್ಮ ಮಕ್ಕಳು ಕೈಯಲ್ಲಿ ಹಿಡಿದು ಬಲ್ಲ ವಸ್ತುಗಳನ್ನಿಟ್ಟು, ಅಂದರೆ ಉತ್ತತ್ತಿ, ನಿಂಬೆಹಣ್ಣು, ಮಾವಿನಕಾಯಿ, ಟೇಬಲ್ ಟೆನಿಸ್ ಚೆಂಡು, ಖಡಕ್ ರೊಟ್ಟಿ, ಒನಕೆ, ಗರಡಿಮನೆಯ ಗುಂಡುಕಲ್ಲು ಇವುಗಳನ್ನಿಟ್ಟು, ಒಂದು ಜಾಲಪುಟವನ್ನು ಮಾಡಬೇಕೆಂಬುದು ನಮ್ಮ ಯೋಚನೆ.

ಲೆಕ್ಕ ಸುಲಭವಾಗಿಯೇ ಹೊಂದಿತು. ತೊಡಕಾದದ್ದು ಪುಟದಲ್ಲಿ ಮಕ್ಕಳು ಒತ್ತುವ ಗುಂಡಿಯ (ಬಟನ್ನಿನ) ಮೇಲೆ ಬರೆಯಬೇಕಾದ ಒಂದು ಶಬ್ದ.

ಇಂಗ್ಲಿಷಿನ ‘ಥ್ರೋ’ ಎಂಬುದು ಉತ್ತತ್ತಿಗೂ ಗುಂಡುಕಲ್ಲಿಗೂ ಒಂದೇ. ಶಿಷ್ಟ ಕನ್ನಡದಲ್ಲಿ ಅದಕ್ಕೆ ‘ಎಸೆ’ ಎಂದು ಬರೆದು ಕೈ ತೊಳೆದುಕೊಳ್ಳಬಹುದಾಗಿತ್ತು. ಆದರೆ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಗಳ ಮಕ್ಕಳ ಬಾಯಲ್ಲಿ ‘ಎಸೆ’ ಎಂಬ ಶಬ್ದ ಬರುವುದು ಪಠ್ಯಪುಸ್ತಕವನ್ನು ಓದುವಾಗ ಮಾತ್ರ. ಮನೆಯಲ್ಲಿ, ಓಣಿಯಲ್ಲಿ, ಹೊಲದಲ್ಲಿ ಇರುವುದು ‘ಒಗಿ’. ‘ಆ ಚೆಂಡ ಇತ್ತಾಗ ಒಗಿ’ ಎಂದರೆ ಇಲ್ಲಿಯ ಯಾವ ಮಗುವಿಗೂ ಅನುಮಾನವಿಲ್ಲ. ಅದೇ ವಾಕ್ಯವನ್ನು ಮೈಸೂರು ಸೀಮೆಯ ಮಗುವಿಗೆ ಹೇಳಿದರೆ, ಚೆಂಡನ್ನು ಸಾಬೂನು ಹಚ್ಚಿ ತೊಳೆಯಬೇಕೋ ಏನೋ ಎಂದು ಅದು ಗಲಿಬಿಲಿಗೊಂಡೀತು. ನಮ್ಮಲ್ಲಿಯೂ ‘ಅರಬಿ ಒಗ್ಯಾಕ ಹೋಗ್ಯಾಳ’ ಎಂದರೆ ಬಟ್ಟೆ ತೊಳೆಯುವುದೇ. ಎರಡೂ ಅರ್ಥಗಳು ಒಂದೇ ಮನೆಯಲ್ಲಿ ಜಗಳವಿಲ್ಲದೆ ಇವೆ. ಅರಿವೆಯನ್ನು ಎತ್ತಿ ಕಲ್ಲಿನ ಮೇಲೆ ಅಪ್ಪಳಿಸುವುದೂ ಒಂದು ಬಗೆಯ ಒಗೆತವೇ ಆದುದರಿಂದ ಅರ್ಥಗಳೆರಡೂ ಒಂದೇ ಬೇರಿನವು ಎಂಬುದು ನನ್ನ ಊಹೆ, ಬಲ್ಲವರು ತಿದ್ದಬೇಕು. ಹಳಗನ್ನಡದಲ್ಲಿ ಹುಟ್ಟು, ಮೂಡು ಎಂಬ ಅರ್ಥದ ‘ಒಗೆ’ ಬೇರೆಯೇ ಇದೆ, ಅದನ್ನು ಈ ಚರ್ಚೆಗೆ ಎಳೆಯುವುದಿಲ್ಲ. ನಮ್ಮ ಕಡೆ ಸಂಸಾರಕ್ಕೆ ‘ಒಗೆತನ’ ಎನ್ನುವುದನ್ನೂ ಎಳೆಯುವುದಿಲ್ಲ, ಎಳೆದರೆ ಈ ಪತ್ರ ಮುಗಿಯಲಾರದು.

‘ಎಸೆ’ಗೆ ಗ್ರಂಥಗಳಲ್ಲಿ ಬೇರೊಂದು ಹಿನ್ನೆಲೆಯಿದೆ. ಹಳೆಯ ಕನ್ನಡದಲ್ಲಿ ‘ಎಸೆ’ ಎಂದರೆ ಶೋಭಿಸು ಎಂದೂ ಅರ್ಥ. ಬಿಲ್ಲಿನಿಂದ ಬಾಣ ಬಿಡುವುದಕ್ಕೆ ‘ಎಸು’ ಎಂಬ ಧಾತು. ಗದುಗಿನ ವೀರನಾರಾಯಣನನ್ನು ನೆನೆಯುತ್ತ ಭಾರತವನ್ನು ಹೇಳಿದ ಕುಮಾರವ್ಯಾಸನ ಯುದ್ಧದ ಪದ್ಯಗಳಲ್ಲಿ ‘ಎಚ್ಚನು’ ಎಂಬ ರೂಪವನ್ನು ಕೇಳದವರಿಲ್ಲ. ಹೀಗಾಗಿ ನನ್ನ ಕಿವಿಗೆ ‘ಎಸೆ’ ಎಂದೊಡನೆ ದೂರವೂ ಗುರಿಯೂ ಒಟ್ಟಿಗೆ ಕೇಳಿಸುತ್ತವೆ. ‘ಒಗಿ’ ಎಂದಾಗ ಕೇಳಿಸುವುದು ಕೈಯಿಂದ ಬಿಡುವುದು ಮಾತ್ರ. ಎಲ್ಲಿ ಬಿದ್ದಿತೆಂಬ ಚಿಂತೆ ಅದಕ್ಕಿಲ್ಲ. ‘ಹಳೀ ಚಪ್ಪಲಿ ಒಗದ ಬಿಡು’ ಎಂದರೆ ಬೇಡವಾದದ್ದನ್ನು ಬಿಟ್ಟುಬಿಡು ಎಂದಷ್ಟೇ. ಇದರ ತೊಂದರೆ ಮನೆಯಲ್ಲಿಯೇ ಗೊತ್ತಾಯಿತು. ಪುಟದ ಕರಡಿನಲ್ಲಿ ‘ರೊಟ್ಟಿ ಒಗೆ’ ಎಂಬುದನ್ನು ನೋಡಿದ ನನ್ನ ಅವ್ವ, ‘ಉಣ್ಣೂ ರೊಟ್ಟಿ ಒಗೀ ಅಂತ ಹುಡುಗ್ರಿಗೆ ಕಲಿಸ್ತೀಯೇನು?’ ಎಂದು ಕನ್ನಡಕ ತೆಗೆದಿಟ್ಟಳು. ‘ಎಸೆ’ ಎಂದು ಬರೆದಿದ್ದರೆ ಅವಳು ಇಷ್ಟು ನೊಂದುಕೊಳ್ಳುತ್ತಿರಲಿಲ್ಲವೆಂದು ತೋರುತ್ತದೆ. ಏಕೆಂದರೆ ಅದು ಆಟದ ಮಾತು, ಪುಸ್ತಕದ ಮಾತು. ರೊಟ್ಟಿಯನ್ನು ಪಟ್ಟಿಯಿಂದ ತೆಗೆದು ಆ ಜಾಗದಲ್ಲಿ ತಟ್ಟೆಯನ್ನು ಇಟ್ಟಿದ್ದೇವೆ.

ಗುರಿಯ ಪ್ರಶ್ನೆ ಬಂದಾಗ ನಮ್ಮ ಕಡೆ ಕ್ರಿಯಾಪದವೇ ಬದಲಾಗುತ್ತದೆ. ಮಾವಿನ ಗಿಡಕ್ಕೆ ಯಾರೂ ಕಲ್ಲು ಒಗೆಯುವುದಿಲ್ಲ. ‘ಗಿಡಕ್ಕ ಕಲ್ಲ ಹೊಡೀತಾರ’. ಕಲ್ಲು ತಗುಲಲಿ, ತಪ್ಪಲಿ, ಮಾತು ಅದೇ. ಬಾವಿಗೆ ಕಲ್ಲು ‘ಒಗೀತಾರ’, ನಾಯಿಗೆ ಕಲ್ಲು ‘ಹೊಡೀತಾರ’. ಚತುರ್ಥಿ ವಿಭಕ್ತಿಯ (‘ಗಿಡಕ್ಕ’, ‘ನಾಯಿಗೆ’) ಮುಂದೆ ‘ಹೊಡೆ’ ಬಂದರೆ ಗುರಿ, ‘ಒಗೆ’ ಬಂದರೆ ಬರೀ ದಿಕ್ಕು ಎಂದು ನಾನು ತಿಳಿದಿದ್ದೇನೆ. ದೂರವನ್ನಷ್ಟೇ ಅಳೆಯುವ ನಮ್ಮ ಪುಟಕ್ಕೆ ‘ಹೊಡೆ’ ಬೇಡವೆಂದು ಇದರಿಂದ ತೀರ್ಮಾನವಾಯಿತು. ಕ್ರಿಕೆಟ್ ಆಡುವ ಹುಡುಗರು ಇನ್ನೊಂದು ಗೆರೆಯನ್ನು ಎಳೆದುಕೊಂಡಿದ್ದಾರೆ: ಸರಿಯಾಗಿ ಬೌಲಿಂಗ್ ಮಾಡುವವನು ಬಾಲ್ ‘ಹಾಕತಾನ’, ಮೊಣಕೈ ಮಡಚಿ ಬಿಚ್ಚುವವನು ‘ಒಗೀತಾನ’. ಅಂತರರಾಷ್ಟ್ರೀಯ ನಿಯಮ 15 ಡಿಗ್ರಿಗಿಂತ ಹೆಚ್ಚು ಮೊಣಕೈ ನೆಟ್ಟಗಾಗುವುದನ್ನು ತಪ್ಪೆನ್ನುತ್ತದೆ. ನಮ್ಮ ಓಣಿಯಲ್ಲಿ ಡಿಗ್ರಿ ಅಳೆಯುವವರಿಲ್ಲ, ‘ಒಗದಾ!’ ಎಂಬ ಒಂದು ಕೂಗೇ ತೀರ್ಪು.

ಇನ್ನು ಈ ಪತ್ರ ಬರೆಯಲು ಮುಖ್ಯ ಕಾರಣವಾದ ಸಂಗತಿ. ವಸ್ತುಗಳ ಪಟ್ಟಿಯನ್ನು ತೂಕದ ಪ್ರಕಾರ ಬರೆದುಕೊಂಡು ಪ್ರತಿಯೊಂದರ ಮುಂದೆ ನಮ್ಮ ಕಡೆಯವರು ಸಹಜವಾಗಿ ಆಡುವ ಕ್ರಿಯಾಪದವನ್ನು ಬರೆಯುತ್ತ ಹೋದಾಗ, ಕನ್ನಡವು ಮನ್ರೋ ಅವರ ಲೆಕ್ಕವನ್ನು ಬಹಳ ಹಿಂದೆಯೇ ಅರ್ಧ ಮಾಡಿಟ್ಟಿದೆ ಎನ್ನಿಸಿತು. ಎಸೆದ ವಸ್ತು ತೀರ ಹಗುರವಾಗಿದ್ದರೆ ಗಾಳಿಯ ತಡೆ ಅದನ್ನು ಬೇಗ ನಿಲ್ಲಿಸುತ್ತದೆ. ಅದೂ ಅಲ್ಲದೆ ಕೈಯ ವೇಗಕ್ಕೆ ಒಂದು ಮಿತಿಯಿರುವುದರಿಂದ ವಸ್ತುವನ್ನು ಎಷ್ಟು ಹಗುರ ಮಾಡಿದರೂ ಅದರ ವೇಗ ಒಂದು ಹಂತದಿಂದ ಮೇಲೆ ಹೆಚ್ಚದು. ತೀರ ಭಾರವಾಗಿದ್ದರೆ ಬಲ ಸಾಲದೆ ವೇಗವೇ ಹುಟ್ಟುವುದಿಲ್ಲ. ನಡುವಿನ ತೂಕದವು ದೂರ ಹೋಗುತ್ತವೆ. ಟೇಬಲ್ ಟೆನಿಸ್ ಚೆಂಡಿನ ತೂಕ 2.7 ಗ್ರಾಂ, ಅದನ್ನು ಎಷ್ಟು ಜೋರಾಗಿ ಬೀಸಿದರೂ ಅಂಗಳ ದಾಟುವಷ್ಟರಲ್ಲಿ ದಣಿಯುತ್ತದೆ. ಪುರುಷರ ಜಾವೆಲಿನ್ 800 ಗ್ರಾಂ. ಅದನ್ನು ನೀರಜ್ ಚೋಪ್ರಾ ಟೋಕಿಯೋ ಒಲಿಂಪಿಕ್ಸಿನಲ್ಲಿ 87.58 ಮೀಟರ್ ದಾಟಿಸಿ ಚಿನ್ನ ಗೆದ್ದರು. 7.26 ಕಿಲೋಗ್ರಾಂ ತೂಕದ ಗುಂಡಿನ (ಶಾಟ್‌ಪುಟ್) ವಿಶ್ವದಾಖಲೆ, ಅಮೆರಿಕದ ರಯಾನ್ ಕ್ರೌಸರ್ 2023ರಲ್ಲಿ ಮಾಡಿದ್ದು, 23.56 ಮೀಟರ್.

ಈಗ ಮಾತುಗಳನ್ನು ನೋಡಿರಿ. ಗಾಳಿಗೆ ಸಿಕ್ಕುವಷ್ಟು ಹಗುರಾದವಕ್ಕೆ ‘ತೂರು’, ‘ಎರಚು’, ‘ಹಾರಿಸು’. ಸುಗ್ಗಿಯ ಕಣದಲ್ಲಿ ರಾಶಿ ತೂರುವಾಗ ಕಾಳು ಕಾಲ ಬುಡದಲ್ಲಿ ಬಿದ್ದು ಹೊಟ್ಟು ಆಚೆ ಹೋಗುತ್ತದೆ. ಅಲ್ಲಿ ದೂರ ಹೋಗುವುದು ಕೈಯ ಬಲದಿಂದಲ್ಲ, ಗಾಳಿಯ ಬಲದಿಂದ, ಆದ್ದರಿಂದಲೇ ಅದು ಒಗೆಯುವುದಲ್ಲ, ತೂರುವುದು. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಭಕ್ತರು ಭಂಡಾರವನ್ನು (ಅರಿಸಿನದ ಪುಡಿ) ತೂರುತ್ತಾರೆ, ಎರಚುತ್ತಾರೆ. ಮದುವೆಯಲ್ಲಿ ಅಕ್ಕಿಕಾಳು ‘ಹಾಕುತ್ತೇವೆ’. ಅದು ದೂರ ಹೋಗಬೇಕೆಂಬ ಆಸೆ ಯಾರಿಗೂ ಇಲ್ಲ (ಹಿಂದೆ ನಿಂತವರ ಅಕ್ಕಿಕಾಳು ಮುಂದಿನವರ ತಲೆಯ ಮೇಲೆ ಬೀಳುವುದು ಲೆಕ್ಕಕ್ಕೆ ಹೊರತು). ಹಿಡಿಯಲ್ಲಿ ಹಿಡಿಸುವಷ್ಟು ಗಾತ್ರದ, ಸ್ವಲ್ಪ ತೂಕವಿರುವ ವಸ್ತುಗಳಿಗೆ ‘ಒಗೆ’, ‘ಎಸೆ’. ಕೈಗೆ ಉದ್ದದ ನೆರವು ಬಂದರೆ ‘ಬೀಸು’: ಜೋಳದ ಹೊಲದಲ್ಲಿ ಹಕ್ಕಿ ಕಾಯುವವರು ಕವಣಿ ಬೀಸುತ್ತಾರೆ, ಹೊಳೆಯಲ್ಲಿ ಬಲೆ ಬೀಸುತ್ತಾರೆ. ಕವಣಿಯ ಹಗ್ಗ ತೋಳನ್ನೇ ಉದ್ದ ಮಾಡಿದಂತೆ ಆಗುವುದರಿಂದ ಕಲ್ಲು ಬರಿಗೈಯ ಕಲ್ಲಿಗಿಂತ ವೇಗ ಪಡೆಯುತ್ತದೆ. ‘ಬೀಸು’ ಎಂಬ ಮಾತಿನಲ್ಲಿ ಆ ಸುತ್ತು ಕಾಣುತ್ತದೆ, ಬೀಸುವ ಕಲ್ಲಿನಲ್ಲಿಯೂ ಅದೇ ಸುತ್ತು. ಸರಪಳಿಯ ತುದಿಗೆ ಗುಂಡು ಕಟ್ಟಿ ಗರಗರ ತಿರುಗಿಸಿ ಬಿಡುವ ಹ್ಯಾಮರ್ ಥ್ರೋ ಎಂಬ ಆಟಕ್ಕೆ ‘ಬೀಸೊಗೆತ’ ಎಂಬ ಹೆಸರು ಹೊಂದುತ್ತದೆಂದು ನನ್ನ ಸಲಹೆ. ಇನ್ನು ಎರಡು ಕೈ ಬೇಕಾಗುವ ವಸ್ತು ಬಂದಿತೆಂದರೆ ಒಂದೇ ಕ್ರಿಯಾಪದ ಸಾಲುವುದೇ ಇಲ್ಲ, ಮುಂದೆ ‘ಎತ್ತಿ’ ಎಂಬುದು ತಾನಾಗಿ ಬರುತ್ತದೆ: ‘ಎತ್ತಿ ಒಗದ’, ‘ಎತ್ತಿ ಹಾಕಿದ’. ಮೈಕ್ರೋವೇವ್ ಒಲೆಯನ್ನು ಕನ್ನಡಿಗನೊಬ್ಬ ಬರಿದೇ ಒಗೆಯಲಾರ, ಎತ್ತಿಯೇ ಒಗೆಯಬೇಕು. ಗುಂಡುಕಲ್ಲನ್ನಂತೂ ‘ಎತ್ತಿದ’ ಎಂದು ಹೇಳಿದರೆ ಸಾಕು, ಶಾಬ್ಬಾಸ್ ಎನ್ನುತ್ತೇವೆ. ಎಷ್ಟು ದೂರ ಹೋಯಿತೆಂದು ಕೇಳುವುದಿಲ್ಲ.

ಪತ್ರಿಕೆಗಳ ಆಟದ ಪುಟ ಈ ಭೇದಗಳನ್ನೆಲ್ಲ ಅಳಿಸಿ ಗುಂಡು ಎಸೆತ, ಚಕ್ರ ಎಸೆತ, ಜಾವೆಲಿನ್ ಎಸೆತ ಎಂದು ಒಂದೇ ಅಚ್ಚಿಗೆ ಹಾಕಿದೆ. ಗುಂಡಿನ ವಿಷಯದಲ್ಲಿ ಇದು ಸರಿಯೂ ಅಲ್ಲ; ಆ ಆಟದ ನಿಯಮವು ಗುಂಡನ್ನು ಭುಜದ ಹಿಂದಕ್ಕೆ ಒಯ್ಯಲು ಬಿಡದೆ, ಕತ್ತಿನ ಬಳಿಯಿಂದ ಒಂದೇ ಕೈಯಲ್ಲಿ ಮುಂದಕ್ಕೆ ನೂಕಬೇಕೆನ್ನುತ್ತದೆ. ಇಂಗ್ಲಿಷಿನವರೂ ಅದಕ್ಕೆ ‘ಥ್ರೋ’ ಎನ್ನುವುದಿಲ್ಲ, ‘ಪುಟ್’ ಎನ್ನುತ್ತಾರೆ. ‘ಗುಂಡು ನೂಕು’ ಎಂದರೆ ನಗುವವರಿದ್ದಾರೆಂದು ಬಲ್ಲೆ; ಆದರೂ ನಿಜ ಅದೇ.

ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರಿಗೆ ಉತ್ತತ್ತಿ, ಬಾಳೆಹಣ್ಣು, ನಿಂಬೆಹಣ್ಣು ಸಮರ್ಪಿಸುವುದನ್ನು ಎಲ್ಲಿ ಇಡಬೇಕೆಂಬುದು ನನಗೆ ಬಗೆಹರಿಯಲಿಲ್ಲ. ಪತ್ರಿಕೆಯವರು ‘ಎಸೆದರು’ ಎಂದು ಬರೆಯುತ್ತಾರೆ. ಜನರು ‘ಉತ್ತತ್ತಿ ಹಾರಿಸಿದ್ವಿ’ ಎನ್ನುವುದನ್ನು ನಾನು ಕೇಳಿದ್ದೇನೆ, ‘ತೇರಿಗೆ ಒಗದ್ವಿ’ ಎನ್ನುವುದನ್ನೂ ಕೇಳಿದ್ದೇನೆ. ದೇವರಿಗೆ ಸಲ್ಲುವುದನ್ನು ‘ಒಗೆ’ ಎನ್ನಲು ಕೆಲವರು ಹಿಂಜರಿಯುತ್ತಾರೆಯೇ, ಅಥವಾ ಇದು ಓಣಿಯಿಂದ ಓಣಿಗೆ ಬದಲಾಗುವ ರೂಢಿಯಷ್ಟೆಯೇ?

ವಾಷಿಂಗ್ಟನ್ ಅವರ ಕಥೆಯಲ್ಲಿಯೂ ಹೀಗೆಯೇ ಒಂದು ತೊಡಕಿದೆ. ಅವರು ತರುಣರಾಗಿದ್ದಾಗ ರಾಪಹನಕ್ ನದಿಯ ಆಚೆಗೆ ಬೆಳ್ಳಿಯ ನಾಣ್ಯವೊಂದನ್ನು ಎಸೆದರೆಂಬ ದಂತಕಥೆ ಅಮೆರಿಕದಲ್ಲಿದೆ. ಆ ದೇಶದ ಬೆಳ್ಳಿಯ ಡಾಲರ್ ನಾಣ್ಯ ಮೊದಲು ಅಚ್ಚಾದದ್ದೇ 1794ರಲ್ಲಿ, ಆಗ ಅವರಿಗೆ ಅರವತ್ತು ದಾಟಿತ್ತು. ಆದರೂ 1936ರ ಫೆಬ್ರುವರಿ 22ರಂದು, ವಾಷಿಂಗ್ಟನ್ ಜನ್ಮದಿನದಂದು, ನಿವೃತ್ತ ಬೇಸ್‌ಬಾಲ್ ಆಟಗಾರ ವಾಲ್ಟರ್ ಜಾನ್ಸನ್ ಅದೇ ನದಿಯ ಆಚೆಗೆ ಬೆಳ್ಳಿಯ ನಾಣ್ಯವನ್ನು ದಾಟಿಸಿ ತೋರಿಸಿದರು. ಇಲ್ಲಿ ‘ನಾಣ್ಯ ಚಿಮ್ಮಿದರು’ ಎಂದು ಬರೆದರೆ ಟಾಸ್ ಹಾಕಿದಂತಾಗುತ್ತದೆ. ‘ಹಾರಿಸಿದರು’ ಎಂದರೂ ಅಷ್ಟೇ. ವರದಾ ನದಿಯ ದಂಡೆಯ ಊರಿನವರಾದರೆ ‘ಹೊಳಿ ಆಚೆ ದಂಡಿಗಿ ಒಗದ’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಅದಕ್ಕಿಂತ ಚೆನ್ನಾದ ವಾಕ್ಯ ನನಗೆ ಹೊಳೆದಿಲ್ಲ.

ವಾಕ್ಯರಚನೆಯ ಒಂದು ತೊಡಕನ್ನು ಮಾತ್ರ ನಾವೇ ಬಿಡಿಸಿಕೊಂಡೆವು. ‘ಇಂಥವರು ಇಂಥದ್ದನ್ನು ಇಷ್ಟು ದೂರ ಎಸೆಯಬಲ್ಲರು’ ಎಂಬ ಅಚ್ಚನ್ನು ಕಂಪ್ಯೂಟರಿಗೆ ಕೊಟ್ಟರೆ, ಎಸೆಯುವವರು ಬದಲಾದಂತೆಲ್ಲ ಎಸೆಯಬಲ್ಲರು, ಎಸೆಯಬಲ್ಲಳು, ಎಸೆಯಬಲ್ಲುದು ಎಂದು ಕ್ರಿಯಾಪದದ ತುದಿಯೂ ಬದಲಾಗಬೇಕು. ಪಿಕಾಚುವಿಗೆ ಯಾವ ಲಿಂಗ ಹಚ್ಚಬೇಕೆಂದು ಮಕ್ಕಳಲ್ಲಿ ವಾದವೇ ನಡೆಯಿತು. ಕೊನೆಗೆ ಗದಗ ತಾಲೂಕಿನ ಶಾಲೆಯೊಂದರ ಹುಡುಗಿ, ‘ಪಿಕಾಚು ಒಗದರ ಲಿಂಬಿಹಣ್ಣ ಎಲ್ಲಿ ತನಕ ಹೋಕ್ಕೈತಿ ಅಂತ ಕೇಳ್ರಿ, ಮುಗೀತಲ್ಲ’ ಎಂದಳು. ‘ಒಗೆದರೆ’ ಎಂಬ ಪಕ್ಷಾರ್ಥಕ ರೂಪಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ. ಹೋಗಿ ಬೀಳುವ ವಸ್ತು ಹೇಗೂ ನಪುಂಸಕ. ‘ವಾಷಿಂಗ್ಟನ್ ಒಗೆದರೆ ನಿಂಬೆಹಣ್ಣು ಇಷ್ಟು ಮೀಟರ್ ಹೋಗಿ ಬೀಳುತ್ತದೆ’ ಎಂಬ ಅಚ್ಚು ಎಲ್ಲರಿಗೂ ಹೊಂದಿತು. ದೂರದ ಮಾತನ್ನು ಎಸೆದವರ ಕಡೆಯಿಂದ ಹೇಳದೆ ಬಿದ್ದ ವಸ್ತುವಿನ ಕಡೆಯಿಂದ ಹೇಳುವುದೇ ನಮ್ಮ ರೂಢಿ ಎಂಬುದು ಆಗ ನನಗೆ ಹೊಳೆಯಿತು. ಮೀಟರಿನ ಜೊತೆಗೆ ಮಾರು, ಕೂಗಳತೆಗಳನ್ನೂ ಕೊಡುತ್ತಿದ್ದೇವೆ. ಹರದಾರಿಯನ್ನು ಕೈಬಿಟ್ಟಿದ್ದೇವೆ, ಅಷ್ಟು ದೂರ ಒಗೆಯುವವರು ಪುರಾಣದಲ್ಲಿ ಮಾತ್ರ ಇದ್ದಾರೆ.

ಆದ್ದರಿಂದ ನನ್ನ ಪ್ರಶ್ನೆಗಳು ಇವು. ಗುಂಡಿಯ ಮೇಲೆ ‘ಒಗೆ’ ಎಂದೇ ಬರೆದು, ದಕ್ಷಿಣದ ಮಕ್ಕಳಿಗಾಗಿ ಪುಟದ ತಲೆಯಲ್ಲಿ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕೇ, ಅಥವಾ ಗುಂಡಿಗೆ ‘ಎಸೆ’ ಎಂಬುದನ್ನು ಇಟ್ಟು ದೂರವನ್ನು ಹೇಳುವ ಫಲಿತಾಂಶದ ಸಾಲಿನಲ್ಲಿ ಮಾತ್ರ ವಸ್ತುವಿಗೆ ತಕ್ಕ ಕ್ರಿಯಾಪದವನ್ನು ಬಳಸಬೇಕೇ? ನನ್ನ ಮನಸ್ಸು ಎರಡನೆಯದರ ಕಡೆಗಿದೆ. ಆದರೆ ಇಲ್ಲಿಯ ಮಕ್ಕಳ ಮಾತು ಇಲ್ಲಿಯ ಮಕ್ಕಳ ಪುಟದಲ್ಲಿಯೇ ವಿವರಣೆ ಬೇಡುವ ಮಾತಾಗಬೇಕೇ ಎಂದು ನನ್ನ ಜೊತೆಗಾರರು ಕೇಳುತ್ತಾರೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಎರಡನೆಯದು, ‘ಎಸೆತ’ಕ್ಕೆ ಸಮನಾಗಿ ‘ಒಗೆತ’ ಎಂಬ ನಾಮರೂಪವನ್ನು ಬಟ್ಟೆಯ ಸಂದರ್ಭದ ಹೊರಗೆ, ಕಲ್ಲು ಅಥವಾ ಚೆಂಡಿನ ಸಂದರ್ಭದಲ್ಲಿ, ಹಿರೇಕೆರೂರು, ಹಾನಗಲ್ಲು, ರೋಣ, ಕಲಘಟಗಿಗಳ ಕಡೆ ಯಾರಾದರೂ ಕೇಳಿದ್ದೀರಾ? ಮೂರನೆಯದು ತೇರಿನ ಉತ್ತತ್ತಿಯದು, ಮೇಲೆ ಕೇಳಿಯಾಗಿದೆ. ಉತ್ತರಿಸುವವರು ತಮ್ಮ ಊರು ಅಥವಾ ತಾಲೂಕನ್ನೂ, ಸಾಧ್ಯವಾದರೆ ಆಡಿದ ವಾಕ್ಯವನ್ನು ಇದ್ದ ಹಾಗೆಯೇ, ತಿದ್ದದೆ ಬರೆದು ಕಳಿಸಬೇಕಾಗಿ ಕೋರುತ್ತೇನೆ.