ಪ್ಯಾರಿಸ್ಸಿನ ಲಾಂಡ್ರಿ, ಆಯಿಯ ಇಳಕಲ್ ಸೀರೆ

ಹೋದ ರವಿವಾರ ಬೆಳಿಗ್ಗೆ ದೊಡ್ಡ ಕಾಕಾ ನಮ್ಮ ಮನೆತನದ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ನೆಹರು ಮನೆಯ ಬಟ್ಟೆ ಒಗೆಯಲು ಪ್ಯಾರಿಸ್ಸಿಗೆ ಹೋಗುತ್ತಿತ್ತಂತೆ. ಕೆಳಗೆ ಅವರದೇ ಒಂದು ಸಾಲು: "ನೋಡಿರಿ, ದೇಶ ಆಳಿದವರ ಠೀವಿ."

ಹತ್ತು ನಿಮಿಷದಲ್ಲಿ ಆರು ಹೆಬ್ಬೆರಳು ಬಂದವು. ಪೂರ್ತಿ ಓದಿದವರು ಯಾರೂ ಇದ್ದಂತಿರಲಿಲ್ಲ. ಓದಿದ್ದರೆ ಮೇಲಿನ ಸಾಲಿನಲ್ಲಿ ಅಪ್ಪ ಮೋತಿಲಾಲ್, ಕೆಳಗಿನ ಸಾಲಿನಲ್ಲಿ ಮಗ ಜವಾಹರಲಾಲ್ ಅಂತ ಇದ್ದದ್ದು ಕಾಣುತ್ತಿತ್ತು.

ಪುಣೆಯಲ್ಲಿರುವ ತಮ್ಮ ಕೇಳಿದ: "ಕಾಕಾ, ಇದಕ್ಕೆ ಆಧಾರ ಏನು? ಆಗ ಮುಂಬೈಯಿಂದ ಫ್ರಾನ್ಸಿಗೆ ಹಡಗಿನಲ್ಲಿ ಹೋಗಲು ಸುಮಾರು ಎರಡು ವಾರ ಬೇಕು. ಬರಲು ಮತ್ತೆ ಎರಡು ವಾರ. ಒಂದು ಧೋತರ ಒಗೆಯಲು ಒಂದು ತಿಂಗಳಾ?"

ಕಾಕಾ: "ನೀನು ಹುಟ್ಟುವ ಮೊದಲೇ ನಮ್ಮ ಮಾಸ್ತರರು ಹೇಳಿದ್ದರು."

ತಮ್ಮ: "ಮಾಸ್ತರರಿಗೆ ಯಾರು ಹೇಳಿದರು?"

ಕಾಕಾ: "ಎಲ್ಲದಕ್ಕೂ ಆಧಾರ ಬೇಕಾ ನಿನಗೆ? ಹೊಲದ ಪಹಣಿ ಕೇಳಿದಾಗ ನಿಮ್ಮಪ್ಪ ಯಾವ ಆಧಾರ ತೋರಿಸಿದ?"

ಅಲ್ಲಿಗೆ ಮಾತು ಪ್ಯಾರಿಸ್ ಬಿಟ್ಟು ಹೊಲಕ್ಕೆ ಬಂತು.

ನನಗೆ ಸುಮ್ನೆ ಇರಲು ಆಗಲಿಲ್ಲ. ನೆಹರು ಆತ್ಮಕಥೆ ನಮ್ಮ ಮನೆಯಲ್ಲೇ ಇದೆ. ಹೆಚ್ಚಿನ ಭಾಗ 1934, 35ರಲ್ಲಿ ಜೈಲಿನಲ್ಲಿ ಬರೆದದ್ದು, 1936ರಲ್ಲಿ ಅಚ್ಚಾದದ್ದು. ಅದರಲ್ಲಿ ಈ ಲಾಂಡ್ರಿ ಕಥೆಯನ್ನು ಅವರೇ ಎತ್ತಿ, ಇದು ಶುದ್ಧ ಸುಳ್ಳು, ಹೀಗೆ ಮಾಡುವವನಿದ್ದರೆ ಅವನಿಗೆ ಮೂರ್ಖರಲ್ಲೇ ಮೊದಲ ಬಹುಮಾನ ಕೊಡಬೇಕು ಎನ್ನುವ ಅರ್ಥದಲ್ಲಿ ಬರೆದಿದ್ದಾರೆ. ವೇಲ್ಸ್ ರಾಜಕುಮಾರನ ಜೊತೆ ಶಾಲೆ ಕಲಿತರು ಎಂಬ ಇನ್ನೊಂದು ಕಥೆಯನ್ನೂ ಅಲ್ಲೇ ಅಲ್ಲಗಳೆದಿದ್ದಾರೆ. ಮೋತಿಲಾಲರಿಗೆ ವಿಲಾಯತಿ ಸೂಟಿನ ಶೋಕಿ ಇತ್ತು, ಅದು ನಿಜ. ಆದರೆ ಅಸಹಕಾರ ಚಳವಳಿ ಬಂದಾಗ ದೊಡ್ಡ ವಕೀಲಿಯನ್ನೂ ವಿಲಾಯತಿ ಬಟ್ಟೆಯನ್ನೂ ಬಿಟ್ಟು ಖಾದಿ ಉಟ್ಟರು. ಫಾರ್ವರ್ಡಿನಲ್ಲಿ ಈ ಅರ್ಧ ಇರಲೇ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಪುಟದ ಫೋಟೋ ತೆಗೆದು ಹಾಕಿದೆ. ಎಲ್ಲರ ನೀಲಿ ಟಿಕ್ ಬಂತು. ಉತ್ತರ ಮಾತ್ರ ಒಂದೂ ಬರಲಿಲ್ಲ.

ಸೇಡಂ ಮಾಮಾ ಬಂದದ್ದು ಊಟದ ಹೊತ್ತಿಗೆ. "ಸರಳತೆ ಅಂದರೆ ನಮ್ಮ ಹೈದರಾಬಾದ್ ನಿಜಾಮರದು. 1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಮುಖಪುಟಕ್ಕೆ ಹಾಕಿತ್ತು, ಜಗತ್ತಿನ ದೊಡ್ಡ ಶ್ರೀಮಂತ ಅಂತ. ಮೈಮೇಲೆ ಮಾತ್ರ ಹಳೇ ಶೇರ್ವಾನಿ, ಹಳೇ ಟೋಪಿ. ಈಗಿನ ಹುಡುಗರು ಕಲಿಯಬೇಕು."

ಬೀದರಿನ ಅತ್ತೆ ಬಿಡುವವರಲ್ಲ. "ಅವನ ಸೊಸೆ ನೀಲೋಫರಳ ಸೀರೆಗಳ ಹೆಸರು ವಿಲಾಯತ್ ತನಕ ಇತ್ತು, ಅದನ್ನೂ ಹೇಳಿ. ನಿಜಾಮನ ಪರವಾಗಿದ್ದ ರಜಾಕಾರರ ದಂಡಿನ ಕಾಲಕ್ಕೆ ನಮ್ಮ ಮುತ್ಯಾ ರಾತ್ರೋರಾತ್ರಿ ಸೊಲ್ಲಾಪುರದ ಕಡೆ ಓಡಿದ್ದರು. ಆ ನಿಜಾಮನ ಟೋಪಿ ಹೊಗಳುತ್ತೀರಲ್ಲ ಮಾಮಾ?"

ಮಾಮಾ ಗುಂಪು ಬಿಡುತ್ತೇನೆ ಎಂದರು. ಪ್ರತಿ ವರ್ಷ ಹೇಳುತ್ತಾರೆ.

ಆಮೇಲೆ ಅಕ್ಕ ಶುರು ಮಾಡಿದಳು. ಮುತ್ಯಾನ ಧೋತರ ಅಗಸರ ಭಟ್ಟಿಯಿಂದ ಬರುತ್ತಿದ್ದದ್ದು, ಮಡಿಕೆ ಬಿಚ್ಚಿದರೆ ಗಂಜಿ ವಾಸನೆ, ನೀಲಿ ಜಾಸ್ತಿ ಆದರೆ ಮುತ್ಯಾ ಉಡದೆ ತಿರುಗಿ ಕಳಿಸುತ್ತಿದ್ದದ್ದು. ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವ ದಿನ ಆ ಬಿಳಿ ಧೋತರ ಹಿಡಿದುಕೊಂಡೇ ನಾವು ಜನರ ನಡುವೆ ನಡೆಯುತ್ತಿದ್ದೆವು, ಕೈ ತಪ್ಪಬಾರದು ಅಂತ. ಇದನ್ನು ಓದಿ ನನ್ನ ಕಣ್ಣು ತುಂಬಿತು. ಒಂದು ಗಂಟೆ ಗುಂಪು ತಣ್ಣಗಿತ್ತು.

ಆ ತಣ್ಣಗಿದ್ದ ಹೊತ್ತಿನಲ್ಲಿ ನಾನೇ ಇನ್ನೊಂದು ಮಾತು ಬರೆದೆ. 1942ರ ಮಾರ್ಚಿನಲ್ಲಿ ಅಲಹಾಬಾದಿನ ಆನಂದ ಭವನದಲ್ಲಿ ಇಂದಿರಾ ಮದುವೆ ಆಯಿತು. ಅವರು ಉಟ್ಟದ್ದು ಗುಲಾಬಿ ಖಾದಿ ಸೀರೆ. ಅಪ್ಪ ಜೈಲಿನಲ್ಲಿ ನೂತ ನೂಲಿನಿಂದ ನೇಯ್ದದ್ದು. 1968ರಲ್ಲಿ ಸೋನಿಯಾ ಮದುವೆಗೂ ಅದೇ ಸೀರೆ. ಪ್ಯಾರಿಸ್ಸಿನ ಸುಳ್ಳು ಎಲ್ಲರ ಬಾಯಲ್ಲಿದೆ, ಈ ನಿಜ ಯಾಕೆ ಓಡಾಡುವುದಿಲ್ಲ ಎಂದು ಕೇಳಿದೆ.

ದೊಡ್ಡ ಕಾಕಾನ ಹೆಂಡತಿ ಕಾಕು ಅಲ್ಲಿಯ ತನಕ ಒಂದಕ್ಷರ ಬರೆದಿರಲಿಲ್ಲ. ಈಗ ಬರೆದರು: "ನೋಡಿರಿ, ಅಲ್ಲಿ ಸೊಸೆಗೆ ಕೊಟ್ಟಿದ್ದಾರೆ."

ಎಲ್ಲರಿಗೂ ತಿಳಿಯಿತು. ನಮ್ಮ ಅಜ್ಜಿ, ಆಯಿಯ ಮದುವೆಯ ಇಳಕಲ್ ಸೀರೆ. ತೋಪು ತೆನೆಯ ಸೆರಗು, ಚಿಕ್ಕಿ ಪರಾಸದ ಅಂಚು. ಆಯಿ ಹೋದ ಮೇಲೆ ಅದು ಬೀದರಿಗೆ ಹೋಯಿತು.

ಅತ್ತೆ: "ಇಂದಿರಾಗೆ ಹೆಣ್ಣುಮಕ್ಕಳು ಇರಲಿಲ್ಲ ವೈನಿ. ಇದ್ದಿದ್ದರೆ ಮಗಳಿಗೇ ಕೊಡುತ್ತಿದ್ದರು."

ಕಾಕು: "ಕೊನೇ ಎರಡು ವರ್ಷ ಆಯಿಯನ್ನು ನೋಡಿಕೊಂಡವರು ಯಾರು?"

ಅತ್ತೆ: "ಸೀರೆ ಕೊಟ್ಟದ್ದು ಆಯಿ ತನ್ನ ಕೈಯಾರೆ. ನಿಮ್ಮವರೂ ಅಲ್ಲೇ ಕೂತಿದ್ದರು, ಕೇಳಿ."

ದೊಡ್ಡ ಕಾಕಾ ಆನ್‌ಲೈನ್ ಇದ್ದರು. ಉತ್ತರ ಬರೆಯಲಿಲ್ಲ. ಬೆಳಿಗ್ಗೆಯ ಫಾರ್ವರ್ಡನ್ನು ಅಳಿಸಿಯೂ ಇಲ್ಲ. ಅದು ಇನ್ನೂ ಅಲ್ಲೇ ಇದೆ, ಆರು ಹೆಬ್ಬೆರಳಿನ ಜೊತೆ. ನಾನು ಹಾಕಿದ ಪುಟದ ಕೆಳಗೆ ತಮ್ಮನದೊಂದೇ ಹೆಬ್ಬೆರಳು.

ರಾತ್ರಿ ಹನ್ನೊಂದಕ್ಕೆ ಅತ್ತೆ ನನಗೊಬ್ಬಳಿಗೆ ಫೋಟೋ ಕಳಿಸಿದರು. ಸೀರೆಯನ್ನು ಹಾಸಿಗೆ ಮೇಲೆ ಹರವಿದ್ದರು. ಇಳಕಲ್ ಸೀರೆಯಲ್ಲಿ ಒಡಲಿನ ನೂಲು, ಸೆರಗಿನ ನೂಲು ಬೇರೆ ಬೇರೆ. ಎರಡನ್ನೂ ಒಂದೊಂದು ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡಿಸಿದ ಜಾಗದಲ್ಲೇ ಗೇಣುದ್ದ ಬಿಟ್ಟಿತ್ತು.

"ಕಲಬುರಗಿಯಲ್ಲಿ ಒಳ್ಳೆ ರಫೂ ಮಾಡುವವರು ಗೊತ್ತೇನವ್ವಾ? ಕಾಕುಗೆ ಹೇಳಬೇಡ."

ತನ್ನಿ ಅತ್ತೆ, ವಿಚಾರಿಸುತ್ತೇನೆ ಎಂದೆ. ಕಾಕುಗೆ ಹೇಳಬೇಕೋ ಬೇಡವೋ, ಇನ್ನೂ ತಿಳಿಯುತ್ತಿಲ್ಲ.